ಸಂಜೆಯ ಮೈದಾನ ಯಾರ ಪಾಲಿಗೆ?

ಮಕ್ಕಳ ಆಟದ ವಿಷಯದಲ್ಲಿ ನಗರ ಪಾಲಿಕೆಯ ಹೊಣೆ ಜಾಗ ಕಾಯುವಲ್ಲಿಗೆ ಮುಗಿಯಿತು ಎಂಬ ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿ ನೆಲೆಯೂರಿದೆ. ಮೈದಾನಕ್ಕೆ ಒಂದು ಕಾಂಪೌಂಡು ಕಟ್ಟಿಸಬೇಕು, ಒತ್ತುವರಿ ಆಗದಂತೆ ನೋಡಿಕೊಳ್ಳಬೇಕು, ಪಾರ್ಕಾದರೆ ಹುಲ್ಲು ಬೆಳೆಸಿ ನೀರು ಹಾಯಿಸಬೇಕು, ಹೊತ್ತಿಗೆ ಸರಿಯಾಗಿ ಗೇಟು ತೆಗೆದು ಹಾಕಬೇಕು. ಅಲ್ಲಿ ಯಾರು ಆಡುತ್ತಾರೆ, ಯಾವ ಹೊತ್ತಿಗೆ ಆಡುತ್ತಾರೆ, ಯಾರು ಕಲಿಸುತ್ತಾರೆ, ಯಾರು ಗೇಟಿನ ಹೊರಗೇ ಉಳಿಯುತ್ತಾರೆ ಎಂಬುದೆಲ್ಲ ತಂದೆತಾಯಿಗಳಿಗೆ, ಅಕಾಡೆಮಿಗಳಿಗೆ, ಹುಡುಗರ ಪಾಡಿಗೆ ಬಿಟ್ಟ ಸಂಗತಿ. ಬೆಂಗಳೂರಿನ ಹೊರಮಾವಿನ ಬಡಾವಣೆಗಳಲ್ಲಿ ಮೈದಾನ ಬೇಕೆಂದು ಅರ್ಜಿ ಹಿಡಿದು ಓಡಾಡುವವರೂ ಇದನ್ನು ಒಪ್ಪಿಕೊಂಡೇ ಓಡಾಡುತ್ತಾರೆ. ಅವರ ಬೇಡಿಕೆ ಜಾಗ ಸಿಕ್ಕಲ್ಲಿಗೆ ನಿಲ್ಲುತ್ತದೆ. ಜಾಗ ಸಿಕ್ಕಮೇಲೆ ಆಟ ತಾನಾಗಿ ನಡೆಯುತ್ತದೆಂಬ ಭರವಸೆ ಅವರಿಗಿದೆ. ಈ ಭರವಸೆಗೆ ಆಧಾರವಿಲ್ಲ ಎಂಬುದು ನನ್ನ ವಾದ.

ಹಾಗೆಂದು ಈ ತಿಳಿವಳಿಕೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ತೂಕವಿರುವ ಮೂರು ಕಾರಣಗಳಿವೆ. ಒಂದು, ಪಾಲಿಕೆಯ ಶಕ್ತಿಗೆ ಮಿತಿಯಿದೆ. ಪ್ರತಿ ಮಳೆಗಾಲದಲ್ಲೂ ಇಲ್ಲಿನ ಸಾಯಿ ಲೇಔಟ್‌ನ ಮನೆಗಳಿಗೆ ನೀರು ನುಗ್ಗುವ ಪ್ರದೇಶದಲ್ಲಿ ಮೊದಲು ರಾಜಕಾಲುವೆ ಸರಿಹೋಗಲಿ, ಕಸ ಎತ್ತಲಿ, ರಸ್ತೆ ಆಗಲಿ, ಆಮೇಲೆ ಮಕ್ಕಳ ಕ್ರಿಕೆಟ್ ಎನ್ನುವವರನ್ನು ಕಟುಕರೆಂದು ಬಯ್ಯಲಾಗದು. ಎರಡು, ಆಟದ ಸ್ವಭಾವವೇ ಸ್ವಚ್ಛಂದ. ಅದಕ್ಕೆ ಕಚೇರಿ, ಅರ್ಜಿ ನಮೂನೆ, ಮೇಲ್ವಿಚಾರಕ ಬಂದರೆ ಅದು ಇನ್ನೊಂದು ಪಿ.ಟಿ. ಪೀರಿಯಡ್ ಆಗುತ್ತದೆಂಬ ಭಯ ಸುಳ್ಳಲ್ಲ. ಮೂರು, ಕೊರತೆಯನ್ನು ಮಾರುಕಟ್ಟೆ ತುಂಬುತ್ತಿದೆ. ಹೆಣ್ಣೂರು ರಸ್ತೆಯಿಂದ ಕಲ್ಕೆರೆಯ ಕಡೆಗೆ ಹೋದರೆ ಬಲೆ ಕಟ್ಟಿ, ಹಸಿರು ಹಾಸು ಹಾಸಿ, ದೀಪ ಹಚ್ಚಿದ ಟರ್ಫ್‌ಗಳು ಕಾಣುತ್ತವೆ. ವಾರಾಂತ್ಯದ ಕ್ರಿಕೆಟ್, ಫುಟ್‌ಬಾಲ್, ಬ್ಯಾಡ್ಮಿಂಟನ್ ಕೋಚಿಂಗ್ ಎಲ್ಲ ಅಲ್ಲಲ್ಲೇ ಸಿಗುತ್ತವೆ. ಸರ್ಕಾರ ಮಾಡಲಾಗದ್ದನ್ನು ಜನರೇ ಮಾಡಿಕೊಂಡಿರುವಾಗ ಪಾಲಿಕೆ ಅಡ್ಡಬಾರದಿದ್ದರೆ ಸಾಕು ಎಂಬ ಮಾತಿಗೆ ತಲೆದೂಗುವವರು ಬಹಳ.

ಮೊದಲು ಕಾನೂನು ಏನು ಹೇಳುತ್ತದೆಂದು ನೋಡೋಣ, ಗೊಂದಲದ ಬೇರು ಅಲ್ಲಿದೆ. ಸಂವಿಧಾನದ 74ನೇ ತಿದ್ದುಪಡಿ 1992ರಲ್ಲಿ ಹನ್ನೆರಡನೇ ಅನುಸೂಚಿಯನ್ನು ತಂದಿತು. ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳ ಆ ಪಟ್ಟಿಯಲ್ಲಿ 12ನೆಯದು ಉದ್ಯಾನ, ತೋಟ, ಆಟದ ಮೈದಾನದಂಥ ನಗರ ಸೌಕರ್ಯಗಳು. ಅಂದರೆ ಮೈದಾನ ಪಾಲಿಕೆಯ ಪಾಲಿಗೆ ಬಂತು. ಆದರೆ ಕ್ರೀಡೆ ಎಂಬ ವಿಷಯ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯ 33ನೇ ನಮೂದಿನಲ್ಲಿ, ನಾಟಕ, ಸಿನಿಮಾ, ಮನರಂಜನೆಯ ಜೊತೆಯಲ್ಲಿ ಉಳಿದುಕೊಂಡಿದೆ. ಅದನ್ನು ನೋಡಿಕೊಳ್ಳುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಆ ಇಲಾಖೆಯ ಕಣ್ಣು ಸಹಜವಾಗಿ ಕಂಠೀರವ ಕ್ರೀಡಾಂಗಣದ ಕಡೆಗೆ, ಜಿಲ್ಲಾ ಕ್ರೀಡಾಂಗಣಗಳ ಕಡೆಗೆ, ಕ್ರೀಡಾ ಶಾಲೆಗಳ ಕಡೆಗೆ ಇರುತ್ತದೆ. ಅದು ಪದಕ ಗೆಲ್ಲಬಲ್ಲ ಮಗುವನ್ನು ಹುಡುಕುತ್ತದೆ. ಪಾಲಿಕೆ ನೆಲವನ್ನು ನೋಡಿಕೊಳ್ಳುತ್ತದೆ. ಪದಕದ ಗೊಡವೆಯಿಲ್ಲದೆ ಸಂಜೆ ಒಂದು ಗಂಟೆ ಓಡಿ ಬೆವರು ಸುರಿಸಬೇಕಾದ ಸಾಮಾನ್ಯ ಹುಡುಗ ಹುಡುಗಿಯರು ಈ ಎರಡರ ಸಂದಿಯಲ್ಲಿ ಬೀಳುತ್ತಾರೆ. ಬಾಣಸವಾಡಿಯಲ್ಲಾಗಲಿ ರಾಮಮೂರ್ತಿನಗರದಲ್ಲಾಗಲಿ 13 ವರ್ಷದ ಸಾಮಾನ್ಯ ಮಗುವಿನ ಸಂಜೆಯ ಆಟಕ್ಕೆ ಉತ್ತರ ಹೇಳಬೇಕಾದ ಅಧಿಕಾರಿ ಯಾರು ಎಂದು ಕೇಳಿ ನೋಡಿ, ಒಂದು ಹುದ್ದೆಯ ಹೆಸರೂ ಸಿಗದು.

ಪಾಲಿಕೆಯೊಳಗೇ ಬಂದರೂ ಪರಿಸ್ಥಿತಿ ಬೇರೆಯಿಲ್ಲ. ಬೆಂಗಳೂರಿನಲ್ಲಿ 1,200ಕ್ಕೂ ಹೆಚ್ಚು ಪಾರ್ಕುಗಳಿವೆ, ಅವು ತೋಟಗಾರಿಕೆ ವಿಭಾಗದ ಕೈಯಲ್ಲಿವೆ. ಈ ಊರಿನ ತೋಟಗಾರಿಕೆಗೆ ದೊಡ್ಡ ಪರಂಪರೆಯಿದೆ; 1908ರಲ್ಲಿ ಬರೋಡದಿಂದ ಇಲ್ಲಿಗೆ ಬಂದ ಜರ್ಮನ್ ತೋಟಗಾರ ಕ್ರುಂಬಿಗಲ್ ನೆಡಿಸಿದ ಹೂಮರಗಳ ನೆರಳನ್ನು ನಾವು ಇಂದಿಗೂ ಉಣ್ಣುತ್ತಿದ್ದೇವೆ. ಆ ಪರಂಪರೆಗೆ ಗೌರವ ಸಲ್ಲಲೇಬೇಕು. ಆದರೆ ತೋಟಗಾರನ ಕಣ್ಣಿಗೆ ಚೆಂಡು ಗಿಡದ ವೈರಿ, ಓಡುವ ಕಾಲು ಹುಲ್ಲಿನ ವೈರಿ. ಆದ್ದರಿಂದ ಪಾರ್ಕಿನ ಫಲಕದಲ್ಲಿ ಮೊದಲ ಸಾಲೇ ಕ್ರಿಕೆಟ್, ಫುಟ್‌ಬಾಲ್ ಆಡಬಾರದು ಎಂದಿರುತ್ತದೆ. ಒಳಗೆ ಏನಿರುತ್ತದೆ? ಒಂದು ಮೂಲೆಯಲ್ಲಿ ಉಯ್ಯಾಲೆ, ಜಾರುಬಂಡೆ. ಅದು ಏಳೆಂಟು ವರ್ಷದೊಳಗಿನವರಿಗೆ. ಸುತ್ತಲೂ ಇಂಟರ್‌ಲಾಕ್ ಕಲ್ಲಿನ ನಡಿಗೆ ದಾರಿ, ಒಂದು ಓಪನ್ ಜಿಮ್. ಅದು ಮಧುಮೇಹದ ಭಯ ಹತ್ತಿದ ವಯಸ್ಸಿನವರಿಗೆ. ಹತ್ತು ದಾಟಿ ಹದಿನೆಂಟು ಮುಟ್ಟದವರಿಗೆ ಎಂದು ಹೇಳಬಹುದಾದ ಒಂದು ವಸ್ತುವೂ ಇರುವುದಿಲ್ಲ. ಉಯ್ಯಾಲೆಯ ಮೇಲೆ ಕೂತರೆ ಕಾವಲುಗಾರ ಗದರಿಸುತ್ತಾನೆ, ಬೆಂಚಿನ ಮೇಲೆ ಗುಂಪಾಗಿ ಕೂತರೆ ಹಿರಿಯರು ಅನುಮಾನದಿಂದ ನೋಡುತ್ತಾರೆ. ಕ್ರುಂಬಿಗಲ್ ಇಲ್ಲಿಗೆ ಬರುವ ಎರಡು ವರ್ಷ ಮೊದಲು, 1906ರಲ್ಲಿ, ಅಮೆರಿಕದ ಮಿನಿಯಾಪೊಲಿಸ್ ನಗರದ ಉದ್ಯಾನ ಮಂಡಳಿಗೆ ಥಿಯೋಡೋರ್ ವರ್ತ್ ಎಂಬ ಸ್ವಿಟ್ಜರ್ಲೆಂಡಿನ ತೋಟಗಾರ ಸೂಪರಿಂಟೆಂಡೆಂಟ್ ಆಗಿ ಬಂದ. ಹುಲ್ಲಿನ ಮೇಲೆ ಕಾಲಿಡಬೇಡಿ ಎಂಬ ಫಲಕಗಳನ್ನು ಆತ ತೆಗೆಸಿಹಾಕಿದ. ಅವನ ಕಾಲದಲ್ಲಿ ಆ ಮಂಡಳಿ ಗಿಡಗಳ ಜೊತೆಗೆ ಆಟದ ಅಂಗಳಗಳನ್ನೂ ಬೆಳೆಸಿತು. ಇಬ್ಬರೂ ತೋಟಗಾರರೇ, ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲದವರು. ಅಲ್ಲಿ ಮಕ್ಕಳ ಆಟ ತನ್ನ ಕೆಲಸವೆಂದು ಒಪ್ಪಿಕೊಂಡ ಮಂಡಳಿಯಿತ್ತು. ನಮ್ಮಲ್ಲಿ ಆ ಕೆಲಸವನ್ನು ಯಾರಿಗೂ ಒಪ್ಪಿಸಲೇ ಇಲ್ಲ.

ಈಗ ವಾದದ ನಡುಮಧ್ಯಕ್ಕೆ ಬರುತ್ತೇನೆ. ಮೈದಾನವನ್ನು ನಾವು ಎಕರೆ ಗುಂಟೆಗಳಲ್ಲಿ ಅಳೆಯುತ್ತೇವೆ. ಮಕ್ಕಳ ಮಟ್ಟಿಗೆ ಅದನ್ನು ಗಂಟೆ ನಿಮಿಷಗಳಲ್ಲಿ ಅಳೆಯಬೇಕು. ಹೊರಮಾವಿನ ಒಂದು ಮಗುವಿನ ದಿನವನ್ನು ತೆಗೆದುಕೊಳ್ಳಿ. ಶಾಲೆ ಮೂರೂವರೆಗೆ ಬಿಟ್ಟರೆ, ಹೊರವರ್ತುಲ ರಸ್ತೆಯ ವಾಹನ ಸಂದಣಿಯಲ್ಲಿ ತೆವಳಿ, ರೈಲ್ವೆ ಅಂಡರ್‌ಪಾಸ್ ದಾಟಿ ಬಸ್ಸು ಮನೆ ಮುಟ್ಟುವಾಗ ನಾಲ್ಕೂವರೆ. ಕೈಕಾಲು ತೊಳೆದು, ಏನಾದರೂ ತಿಂದು ಹೊರಬೀಳುವಷ್ಟರಲ್ಲಿ ಮುಕ್ಕಾಲು. ಬೆಂಗಳೂರಿನಲ್ಲಿ ನವೆಂಬರ್ ಕೊನೆಗೆ ಸೂರ್ಯ ಮುಳುಗುವುದು 5.50ರ ಸುಮಾರಿಗೆ; ಜುಲೈ ಮೊದಲ ವಾರದಲ್ಲಿ 6.50ರ ಸುಮಾರಿಗೆ. ಹಾಗಾದರೆ ಶಾಲೆಯ ದಿನ ಬೆಳಕಿರುವಾಗ ಆಡಲು ಆ ಮಗುವಿಗೆ ಸಿಗುವುದು ಚಳಿಗಾಲದಲ್ಲಿ ಒಂದು ಗಂಟೆ ಚಿಲ್ಲರೆ, ಬೇಸಿಗೆ ಮಳೆಗಾಲಗಳಲ್ಲಿ ಎರಡು ಗಂಟೆ. ಆಮೇಲೆ ಕತ್ತಲೆ, ಟ್ಯೂಷನ್, ಹೋಂವರ್ಕ್. ಇಡೀ ದಿನದ 24 ಗಂಟೆಯಲ್ಲಿ ಆಟದ ಪ್ರಶ್ನೆ ಇತ್ಯರ್ಥವಾಗುವುದು ಈ ಕಿರಿದಾದ ಕಿಟಕಿಯಲ್ಲಿ. ಈಗ ಒಂದು ಮೈದಾನವನ್ನು ಸಂಜೆ ನಾಲ್ಕೂವರೆಯಿಂದ ಆರೂವರೆಯವರೆಗೆ ಶುಲ್ಕ ಪಡೆಯುವ ಅಕಾಡೆಮಿಗೆ ಕೊಟ್ಟರು ಎನ್ನಿ. ದಿನಕ್ಕೆ ಎರಡೇ ಗಂಟೆ, ಉಳಿದ 22 ಗಂಟೆ ಸಾರ್ವಜನಿಕರಿಗೆ ಮುಕ್ತ ಎಂದು ಕಡತದಲ್ಲಿ ಬರೆಯಬಹುದು, ಅದರಲ್ಲಿ ಸುಳ್ಳೂ ಇರುವುದಿಲ್ಲ. ಕಾಲದ ಲೆಕ್ಕದಲ್ಲಿ ಕೊಟ್ಟದ್ದು ನೂರಕ್ಕೆ ಎಂಟು ಪಾಲು. ಶುಲ್ಕ ಕಟ್ಟಲಾಗದ ಮಗುವಿನ ಲೆಕ್ಕದಲ್ಲಿ ಕೊಟ್ಟದ್ದು ಇಡೀ ಮೈದಾನ. ಮನೆಯ ಮುಂದೆ ನೀರಿನ ಪೈಪು ಹಾದುಹೋದ ಮಾತ್ರಕ್ಕೆ ಸಂಪು ತುಂಬುವುದಿಲ್ಲ. ವಾಲ್ವ್ ತಿರುಗಿಸುವವನು ಯಾವ ಬೀದಿಗೆ ಯಾವ ಹೊತ್ತಿಗೆ ನೀರು ಬಿಡುತ್ತಾನೆಂಬುದೇ ಅಲ್ಲಿ ಮುಖ್ಯ. ಮೈದಾನದ ವಿಷಯದಲ್ಲಿ ಆ ವಾಲ್ವ್ ಯಾರ ಕೈಯಲ್ಲಿದೆ ಎಂದು ನಾವು ಕೇಳಿದ್ದೇ ಇಲ್ಲ.

ನಮ್ಮ ಕಾನೂನು ನೆಲವನ್ನು ಉಳಿಸುವುದರಲ್ಲಿ ನಿಜಕ್ಕೂ ಒಳ್ಳೆಯ ಕೆಲಸ ಮಾಡಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯ ಪ್ರಕಾರ ಪ್ರಾಧಿಕಾರದ ಬಡಾವಣೆಯಲ್ಲಿ ಉದ್ಯಾನ ಮತ್ತು ಆಟದ ಮೈದಾನಕ್ಕೆ ನೂರಕ್ಕೆ 15ಕ್ಕಿಂತ ಕಡಿಮೆಯಾಗದಷ್ಟು, ನಾಗರಿಕ ಸೌಕರ್ಯಕ್ಕೆ ಇನ್ನೂ 10ಕ್ಕಿಂತ ಕಡಿಮೆಯಾಗದಷ್ಟು ಜಾಗ ಮೀಸಲಿಡಬೇಕು. ಹಾಗೆ ಮೀಸಲಿಟ್ಟದ್ದನ್ನು ಬೇರೆ ಉದ್ದೇಶಕ್ಕೆ ವಿಲೇವಾರಿ ಮಾಡಿದರೆ ಆ ವಿಲೇವಾರಿಯೇ ಅಸಿಂಧು. 1985ರಲ್ಲಿ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆ ಪ್ರತ್ಯೇಕ ಕಾಯ್ದೆಯೇ ಬಂತು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ಹೈಕೋರ್ಟಿಗೆ ಹೋಗಿ ಗೆದ್ದರು. 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ನಡುವಣ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ನಿವಾಸಿಗಳ ಪರವಾಗಿ ನಿಂತಿತು. ದೇಶದಾದ್ಯಂತ ಇಂದಿಗೂ ಉಲ್ಲೇಖವಾಗುವ ತೀರ್ಪು ಅದು. ಆದರೆ ಈ ಎಲ್ಲ ರಕ್ಷಣೆಯೂ ಕಟ್ಟಡದ ವಿರುದ್ಧದ ರಕ್ಷಣೆ. ಗುತ್ತಿಗೆ ಹಿಡಿದ ಅಕಾಡೆಮಿ ಕಟ್ಟಡ ಕಟ್ಟುವುದಿಲ್ಲ, ನೆಲದ ಉದ್ದೇಶ ಬದಲಿಸುವುದಿಲ್ಲ. ಅಲ್ಲಿ ಆಟವೇ ನಡೆಯುತ್ತದೆ. ಯಾವ ಕಲಮಿಗೂ ಧಕ್ಕೆಯಿಲ್ಲದೆ ಸಾರ್ವಜನಿಕ ಮೈದಾನ ಗಂಟೆಗಂಟೆಯಾಗಿ ಖಾಸಗಿಯಾಗಬಹುದು. ನೆಲದ ಒತ್ತುವರಿಗೆ ಸರ್ವೆಯವರಿದ್ದಾರೆ, ನಕ್ಷೆಯಿದೆ, ತಹಶೀಲ್ದಾರರಿದ್ದಾರೆ. ವೇಳೆಯ ಒತ್ತುವರಿಯನ್ನು ಅಳೆಯುವ ಸರಪಳಿ ಯಾರ ಬಳಿಯೂ ಇಲ್ಲ.

ಹೊರಮಾವಿನ ಮಟ್ಟಿಗೆ ನೆಲದ ರಕ್ಷಣೆಯೂ ಅರ್ಧ ಮಾತ್ರ. ಹೊರವರ್ತುಲ ರಸ್ತೆಯ ಒಳಬದಿಯ ಎಚ್‌ಆರ್‌ಬಿಆರ್, ಒಎಂಬಿಆರ್ ಬಡಾವಣೆಗಳು ಪ್ರಾಧಿಕಾರದ ಹೆಸರಿನಲ್ಲಿ ಆದವು. ಅಲ್ಲಿ ಪಾರ್ಕು, ಮೈದಾನ, ನಾಗರಿಕ ಸೌಕರ್ಯದ (ಸಿ.ಎ.) ನಿವೇಶನ ಎಂದು ನಕ್ಷೆಯಲ್ಲೇ ಗೆರೆ ಎಳೆದರು. ರಸ್ತೆಯ ಈಚೆ ಬದಿಯಲ್ಲಿ ಹಳ್ಳಿಯ ಹೊಲ ತೋಟಗಳು ಒಂದೊಂದಾಗಿ ರೆವಿನ್ಯೂ ಬಡಾವಣೆಗಳಾದವು. ಎರಡೆಕರೆ ಕೊಂಡವನು ನಡುವೆ ರಸ್ತೆ ಬಿಟ್ಟು, ಉಳಿದದ್ದನ್ನೆಲ್ಲ 30x40 ಸೈಟು ಮಾಡಿ ಮಾರಿದ. ಮೀಸಲು ಇಡು ಎಂದು ಹೇಳುವವರು ಇರಲಿಲ್ಲ, ಇಟ್ಟಿದ್ದರೆ ಅವನಿಗೆ ನಷ್ಟ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಆಗುವಷ್ಟರಲ್ಲಿ ಇದೆಲ್ಲ ಬಹುಪಾಲು ಮುಗಿದಿತ್ತು. ಹೀಗಾಗಿ ಇಲ್ಲಿನ ಹುಡುಗರ ಮೈದಾನವೆಂದರೆ ಮಾಲೀಕ ಇನ್ನೂ ಮನೆ ಕಟ್ಟದ ಸೈಟು. ಮೂರು ಕಡ್ಡಿ ನೆಟ್ಟು, ಪಾರ್ಥೇನಿಯಂ ಕಿತ್ತು, ಪಕ್ಕದ ಮನೆಯ ಮಹಡಿಗೆ ಹೋದರೆ ಔಟ್ ಎಂದು ನಿಯಮ ಮಾಡಿಕೊಂಡು ಆಡುವ ಜಾಗ. ಒಂದು ಬೆಳಿಗ್ಗೆ ಜೆಸಿಬಿ ಬಂದು ಪಾಯ ತೋಡಿದರೆ ಮುಂದಿನ ಬೀದಿಯಲ್ಲಿ ಇನ್ನೊಂದು ಸೈಟು ಹುಡುಕಬೇಕು. ಬೀದಿಗಳು ತುಂಬಿದಂತೆ ಆ ಹುಡುಕಾಟವೂ ಮುಗಿಯುತ್ತದೆ. ಮನೆಯ ಖಾತೆ ಎ ಆಗಿದೆಯೋ ಬಿ ಆಗಿದೆಯೋ, ಅಂದರೆ ಬಡಾವಣೆ ಮಂಜೂರಾದದ್ದೋ ಅಲ್ಲವೋ, ಎಂಬುದರ ಮೇಲೆ ಮಗುವಿನ ಆಟ ನಿಂತಿದೆ ಎಂದರೆ ಅದನ್ನು ತಂದೆತಾಯಿಗಳ ಖಾಸಗಿ ವಿಷಯವೆಂದು ಕರೆಯುವುದಾದರೂ ಹೇಗೆ? ಜಾಗ ಇಷ್ಟು ಕಡಿಮೆಯಿರುವ ಕಡೆ ಇರುವ ಒಂದೆರಡು ಮೈದಾನಗಳ ಒಂದೊಂದು ಗಂಟೆಯೂ ಇನ್ನಷ್ಟು ತೂಕದ್ದಾಗುತ್ತದೆ. ಜಾಗ ಸಿಗಲಿ, ಆಮೇಲೆ ವೇಳೆಯ ಮಾತು ಎನ್ನುವವರು ಹೆಜ್ಜೆ ತಪ್ಪುವುದು ಇಲ್ಲಿ.

ಮಾರುಕಟ್ಟೆ ತುಂಬಿಕೊಡುತ್ತದೆ ಎಂಬ ಮಾತನ್ನು ಲೆಕ್ಕಕ್ಕೆ ಹಚ್ಚಿ ನೋಡಬೇಕು. ಒಂದು ಟರ್ಫ್‌ಗೆ ಸಂಜೆ ಗಂಟೆಗೆ 1,200 ರೂಪಾಯಿ ಎಂದಿಟ್ಟುಕೊಳ್ಳಿ. ಹತ್ತು ಮಕ್ಕಳು ಹಂಚಿಕೊಂಡರೆ ತಲೆಗೆ 120. ವಾರಕ್ಕೆ ಐದು ದಿನ, ತಿಂಗಳಿಗೆ ನಾಲ್ಕು ವಾರ ಎಂದರೆ ಒಂದು ಮಗುವಿಗೆ 2,400, ಇಬ್ಬರಿಗೆ 4,800. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ ಮನೆಗೆ ಇದು ಭಾರವಲ್ಲದಿರಬಹುದು. ಅದೇ ಬೀದಿಯ ತುದಿಯಲ್ಲಿ ಶೀಟಿನ ಮನೆಯಲ್ಲಿರುವ ಗಾರೆ ಕೆಲಸದವರಿಗೆ, ಇಸ್ತ್ರಿ ಗಾಡಿಯವರಿಗೆ, ಮನೆಗೆಲಸಕ್ಕೆ ಹೋಗುವ ತಾಯಿಗೆ ಅದು ಕೇಳಿಯೇ ಕೈಬಿಡುವ ಮೊತ್ತ. ಬಡವರಿಗೆ ದುಬಾರಿ ಎಂಬುದಷ್ಟೇ ಇಲ್ಲಿನ ತಕರಾರಲ್ಲ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಣವುಳ್ಳ ಮನೆಯ ಮಗುವೂ ಇಲ್ಲಿ ಸೋಲುತ್ತದೆ. ಟರ್ಫ್‌ನವನಿಗೆ ಸಂಜೆ ಐದೂವರೆಯಿಂದ ಬೆಲೆ ಏರುತ್ತದೆ, ಏಕೆಂದರೆ ಕಚೇರಿ ಬಿಟ್ಟ ದೊಡ್ಡವರು ಆ ಹೊತ್ತಿಗೆ ಬರುತ್ತಾರೆ, ಹೆಚ್ಚು ಕೊಡುತ್ತಾರೆ. ಅವರಿಗೆ ದೀಪದ ಬೆಳಕಿನಲ್ಲಿ ರಾತ್ರಿ ಹನ್ನೊಂದರವರೆಗೂ ಆಡುವ ಅನುಕೂಲವಿದೆ, ಮಗುವಿಗಿಲ್ಲ. ಹಣದ ಹರಾಜಿನಲ್ಲಿ ವೇಳೆ ಹಂಚಿದರೆ ಮಕ್ಕಳು ಯಾವತ್ತೂ ಕೊನೆಯಲ್ಲಿ ನಿಲ್ಲುತ್ತಾರೆ. ಶಾಲೆಯಲ್ಲಿ ಆಡಲಿ ಎಂಬ ಪರಿಹಾರವೂ ಗಟ್ಟಿಯಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಶಾಲೆಗೆ ಆಟದ ಮೈದಾನ ಬೇಕೆಂದಿತು, 2023ರ ಮಾರ್ಚ್‌ನಲ್ಲಿ ಹರಿಯಾಣದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೈದಾನವಿಲ್ಲದ ಶಾಲೆ ಇರಬಾರದೆಂದು ಮತ್ತೆ ಹೇಳಿತು. ನಾಲ್ಕು ಮಹಡಿಯ ಬಾಡಿಗೆ ಕಟ್ಟಡದ ಶಾಲೆಯ ಮಕ್ಕಳಿಗೆ ಈ ಮಾತುಗಳು ಇನ್ನೂ ಕಾಗದದ ಮೇಲಿವೆ.

ಎರಡನೇ ಆಕ್ಷೇಪ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ. ಆಟಕ್ಕೆ ವೇಳಾಪಟ್ಟಿ ಬಂದರೆ ಅದರ ಜೀವ ಹೋಗುವುದಿಲ್ಲವೇ? ಗೇಟು ತೆರೆದಿಡಿ, ಮಕ್ಕಳು ತಾವೇ ಹಂಚಿಕೊಳ್ಳುತ್ತಾರೆ ಎನ್ನುವವರು ಮಕ್ಕಳ ಮೇಲಿನ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಗೇಟು ತೆರೆದಿಟ್ಟ ಯಾವುದೇ ಮೈದಾನವನ್ನು ಸಂಜೆ ಐದು ಗಂಟೆಗೆ ಗಮನಿಸಿ. ನಡುವಿನ ಪಿಚ್ ಇಪ್ಪತ್ತು ದಾಟಿದ ಯುವಕರದು. ಅವರ ಫೀಲ್ಡರುಗಳು ನಿಂತಷ್ಟು ದೂರವೂ ಅವರದೇ. ಹದಿನೈದರ ಹುಡುಗರು ಗೋಡೆಯ ಪಕ್ಕದಲ್ಲಿ, ಹತ್ತರವರು ಗೇಟಿನ ಹತ್ತಿರ, ಚೆಂಡು ಬಡಿಯದಂತೆ ತಲೆ ತಗ್ಗಿಸಿಕೊಂಡು. ಹುಡುಗಿಯರು ಕಂಡರೆ ಅದು ಮೈದಾನದ ಅಂಚಿನ ನಡಿಗೆ ದಾರಿಯಲ್ಲಿ, ಅಮ್ಮನ ಜೊತೆಗೆ. ಯಾರೂ ಅವರನ್ನು ಬರಬೇಡಿ ಎಂದಿಲ್ಲ. ಬರಬೇಡಿ ಎನ್ನುವ ಅಗತ್ಯವೇ ಬೀಳದಂತೆ ಜಾಗ ಮೊದಲೇ ಹಂಚಿಹೋಗಿದೆ. ಹಂಚಿಕೆ ಇಲ್ಲದ ಮೈದಾನ ಎಂಬುದೇ ಇಲ್ಲ. ಹಣದಿಂದ ಹಂಚಿದರೆ ಒಂದು ಬಗೆಯ ಮಕ್ಕಳು ಹೊರಗೆ, ತೋಳ್ಬಲದಿಂದ ಹಂಚಿದರೆ ಇನ್ನೊಂದು ಬಗೆಯವರು ಹೊರಗೆ. ಎರಡೂ ಕಡೆ ಹೊರಗುಳಿಯುವವರು ಮಾತ್ರ ಬಡ ಮನೆಯ ಹುಡುಗಿಯರು. ಮೂರನೆಯ ದಾರಿ, ಯೋಚಿಸಿ ಬರೆದ ನಿಯಮದಿಂದ ಹಂಚುವುದು. ಆಟ ಏನಿರಬೇಕು, ಹೇಗಿರಬೇಕು ಎಂದು ನಿಯಮ ಹೇಳಬೇಕಿಲ್ಲ. ಆ ಗಂಟೆಯಲ್ಲಿ ಮೈದಾನ ಯಾರದು ಎಂದಷ್ಟೇ ಹೇಳಿದರೆ ಸಾಕು. ಆ ಗಂಟೆಯೊಳಗೆ ಲಗೋರಿಯೋ ಕಬಡ್ಡಿಯೋ ಸುಮ್ಮನೆ ಕೂಗಾಟವೋ, ಅದು ಅವರ ಇಷ್ಟ.

ದಂಡಿನ ಕಡೆಯವರು ಇಲ್ಲೊಂದು ಮಾತು ಹೇಳುತ್ತಾರೆ. ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ಯಾವ ಮಂಡಳಿಯ ಉಸ್ತುವಾರಿಯಲ್ಲಿ? 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಸೇನಾ ತಂಡಗಳ ಕೋಟೆಯಾಗಿದ್ದ ರೋವರ್ಸ್ ಕಪ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಒಂದೇ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು, ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಈ ಊರಿನವರು. ಹಲಸೂರಿನ ಗೌತಮಪುರದಲ್ಲಿ ಇಂದಿಗೂ ಪೆಲೆಯ ಪ್ರತಿಮೆಯಿದೆ. ಆ ಕೇರಿಯಿಂದ, ಆಸ್ಟಿನ್ ಟೌನಿನಿಂದ ತಲೆಮಾರುಗಳ ಆಟಗಾರರು ಬಂದರು. ಇದೆಲ್ಲ ನಿಜ, ಹೆಮ್ಮೆಯ ಸಂಗತಿ. ಆದರೆ ಇದರಿಂದ ಉಸ್ತುವಾರಿ ಬೇಡ ಎಂಬ ತೀರ್ಮಾನ ಹೊರಡುವುದಿಲ್ಲ. ಅಲ್ಲಿ ಸೇನೆಯ ಬಯಲುಗಳಿದ್ದವು. ಅವಕ್ಕೆ ಸೈಟಿನ ಬೆಲೆ ಕಟ್ಟುವವರಿರಲಿಲ್ಲ. ಕ್ಲಬ್ಬುಗಳಿದ್ದವು, ಲೀಗ್ ಇತ್ತು. ಯಾವ ಹುಡುಗ ಯಾವ ಕ್ಲಬ್ಬಿಗೆ, ಯಾರ ಕೈಕೆಳಗೆ ಎಂದು ಕೇರಿಯ ಹಿರಿಯರಿಗೆ ಗೊತ್ತಿರುತ್ತಿತ್ತು. ಅದು ಉಸ್ತುವಾರಿಯೇ, ಕಚೇರಿಯ ಹೆಸರಿರಲಿಲ್ಲ ಅಷ್ಟೆ. ಅಲ್ಲಿ ಕೂಡ ಹುಡುಗಿಯರು ಇರಲಿಲ್ಲ ಎಂಬುದನ್ನು ಮರೆಯಬಾರದು. ಹೊರಮಾವಿನಲ್ಲಿ ಆ ಬಯಲುಗಳಿಲ್ಲ, ಒಂದು ಬೀದಿಯಲ್ಲಿ ಹತ್ತು ಊರಿನವರು, ಐದು ಭಾಷೆಯವರು, ಎರಡು ಮೂರು ವರ್ಷಕ್ಕೆ ಮನೆ ಬದಲಿಸುವ ಬಾಡಿಗೆದಾರರು. ಕೇರಿಯ ಹಿರಿಯರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಯಾರಾದರೂ ಮಾಡಬೇಕಾದರೆ ಅದು ಬರಹದಲ್ಲಿರುವ, ಎಲ್ಲರಿಗೂ ಕಾಣುವ ವ್ಯವಸ್ಥೆಯೇ ಆಗಬೇಕು.

ಇದೇ ಕಾರಣಕ್ಕೆ ಕಲಿಸುವ ದೊಡ್ಡವರ ಮೇಲೂ ಒಂದು ಕಣ್ಣು ಬೇಕು. ಟ್ರ್ಯಾಕ್ ಸೂಟು ತೊಟ್ಟು, ಕೊರಳಿಗೆ ಸೀಟಿ ಹಾಕಿಕೊಂಡು, ಮೂವತ್ತು ಮಕ್ಕಳನ್ನು ಸಾಲು ನಿಲ್ಲಿಸಿದ ಯಾವನನ್ನೂ ಸಾರ್ವಜನಿಕ ಮೈದಾನದಲ್ಲಿ ನೀನು ಯಾರಪ್ಪ ಎಂದು ಕೇಳುವವರಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಗೆ 2012ರ ಪೋಕ್ಸೊ ಕಾಯ್ದೆಯಿದೆ. ಅದರ ಬಲ ಬಹುಮಟ್ಟಿಗೆ ಅಪರಾಧ ನಡೆದ ಮೇಲಿನ ಶಿಕ್ಷೆಯಲ್ಲಿದೆ. ನಡೆಯುವ ಮುಂಚೆ ಪೊಲೀಸ್ ಪರಿಶೀಲನೆ, ಪ್ರಥಮ ಚಿಕಿತ್ಸೆಯ ತಿಳಿವಳಿಕೆ, ದೂರು ಹೇಳಲು ಒಂದು ಹೆಸರು ಮತ್ತು ಫೋನ್ ನಂಬರು ಬೇಕೆಂದು ಕೇಳಬೇಕಾದವರು ಜಾಗದ ಒಡೆಯರು, ಅಂದರೆ ಪಾಲಿಕೆ. ಜಾಗ ಕಾಯುವುದಷ್ಟೇ ತನ್ನ ಕೆಲಸವೆಂದುಕೊಂಡ ವ್ಯವಸ್ಥೆ ಜಾಗವನ್ನಾದರೂ ನೆಟ್ಟಗೆ ಕಾಯುತ್ತದೆಯೇ? 2024ರ ಸೆಪ್ಟೆಂಬರ್‌ನಲ್ಲಿ ಮಲ್ಲೇಶ್ವರದ ಪಾಲಿಕೆ ಆಟದ ಮೈದಾನವೊಂದರ ಕಬ್ಬಿಣದ ಗೇಟು ಮೈಮೇಲೆ ಬಿದ್ದು 11 ವರ್ಷದ ಹುಡುಗ ಸತ್ತ. ಆಡಲು ಬರುವವರ ಬಗ್ಗೆ ದಿನವೂ ಉತ್ತರ ಹೇಳಬೇಕಾದ ಒಬ್ಬ ಮನುಷ್ಯ ಆ ಗೇಟಿನ ಬಳಿ ಇದ್ದಿದ್ದರೆ ಅದರ ಅಲುಗಾಟ ಮೊದಲೇ ಕಣ್ಣಿಗೆ ಬೀಳುವ ಸಾಧ್ಯತೆ ಇತ್ತು.

ಪಾಲಿಕೆ ಮುಟ್ಟಿದ್ದೆಲ್ಲ ಹಾಳು, ವೇಳಾಪಟ್ಟಿಯೂ ಪುಢಾರಿಯ ಜೇಬಿಗೆ ಹೋಗುತ್ತದೆ ಎಂಬ ಅಂಜಿಕೆ ಉಳಿಯಿತು. ಶಾಮಿಯಾನ, ಟ್ರೋಫಿ, ಫ್ಲೆಕ್ಸು, ವಾರಗಟ್ಟಲೆ ಮೈದಾನ ಬಂದ್: ಇದನ್ನು ಕಂಡವರು ಹಾಗೆ ಹೇಳಿದರೆ ತಪ್ಪಿಲ್ಲ. ಆದರೆ ಇವತ್ತು ಪುಢಾರಿ ಮೈದಾನವನ್ನು ಹಿಡಿಯಬಲ್ಲ, ಏಕೆಂದರೆ ಅವನು ಮುರಿದನೆಂದು ತೋರಿಸಲು ಬರೆದ ನಿಯಮ ಇಲ್ಲ. ಗೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ ವೇಳೆ ಇದ್ದರೆ ಅದನ್ನು ಮುರಿದದ್ದು ಹನ್ನೆರಡರ ಹುಡುಗಿಗೂ ಗೊತ್ತಾಗುತ್ತದೆ. ಆ ಬರಹದಲ್ಲಿ ನಾಲ್ಕು ಸಂಗತಿ ಇದ್ದರೆ ಸಾಕು.

1. ಶಾಲೆಯ ದಿನಗಳಲ್ಲಿ ಸಂಜೆ 4.30ರಿಂದ 6.30, ರಜೆಯ ದಿನಗಳಲ್ಲಿ ಬೆಳಗಿನ ಮೂರು ಗಂಟೆ, 18ರೊಳಗಿನವರದು. ಯಾವ ಗುತ್ತಿಗೆ, ಪಂದ್ಯಾವಳಿ, ಸಮಾರಂಭಕ್ಕೂ ಈ ವೇಳೆ ಕೊಡುವಂತಿಲ್ಲ.

2. ಅದರೊಳಗೆ ವಾರದ ಎರಡು ಸಂಜೆ ಇಡೀ ಮೈದಾನ, ನಡುವಿನ ಪಿಚ್ ಸೇರಿ, ಹುಡುಗಿಯರದು.

3. ಶುಲ್ಕ ಪಡೆದು ಕಲಿಸುವವರಿಗೆ ಉಳಿದ ವೇಳೆಯಲ್ಲಿ ಮಾತ್ರ ಅವಕಾಶ. ಪರಿಶೀಲನೆ ಆಗಿರಬೇಕು, ಶುಲ್ಕ ಕಟ್ಟಲಾಗದ ಮಕ್ಕಳಿಗೆ ಒಂದು ಪಾಲು ಸೀಟು ಬಿಡಬೇಕು.

4. ಯಾವ ದಿನ ಯಾರಿಗೆ ಕೊಟ್ಟರು, ಎಷ್ಟು ಹಣ ಬಂತು ಎಂಬ ಪುಸ್ತಕ ಗೇಟಿನಲ್ಲೇ ಇರಬೇಕು. ಯಾರು ಬೇಕಾದರೂ ತೆರೆದು ನೋಡಬಹುದು.

ಎರಡನೆಯದಕ್ಕೆ ವಿರೋಧ ಬರುತ್ತದೆ. ಬರಲಿ, ಅದರ ಉತ್ತರ ಮೇಲೆಯೇ ಇದೆ. ಮೊದಲನೆಯದಕ್ಕೆ ಬರುವ ವಿರೋಧ ಮೆಲುದನಿಯದು, ಅದಕ್ಕೇ ಹೆಚ್ಚು ಕಷ್ಟದ್ದು: ಹಿರಿಯರು ನಡೆಯುವುದು ಬೇಡವೇ, ತೆರಿಗೆ ಕಟ್ಟುವ ಯುವಕರು ಆಡುವುದು ಬೇಡವೇ? ಅವರ ಹಕ್ಕು ಮಕ್ಕಳ ಹಕ್ಕಿಗಿಂತ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಒಂದೇ ಗಂಟೆಗೆ ಹಲವರು ಕೈಚಾಚಿದಾಗ, ಬೇರೆ ಗಂಟೆಯೇ ಇಲ್ಲದವರಿಗೆ ಮೊದಲು ಕೊಡಬೇಕು ಎಂಬುದಷ್ಟೇ ನನ್ನ ತತ್ವ. ನಡೆಯುವ ಹಿರಿಯರಿಗೆ ಬೆಳಗಿನ ಐದರಿಂದ ಇದೆ, ಆಡುವ ಯುವಕರಿಗೆ ಭಾನುವಾರದ ಮಧ್ಯಾಹ್ನವಿದೆ, ದೀಪ ಹಾಕಿಸಿದರೆ ರಾತ್ರಿಯೂ ಇದೆ. ಮಗುವಿಗೆ ಆ ಒಂದೆರಡು ಗಂಟೆ ಬಿಟ್ಟರೆ ಬೇರೇನೂ ಇಲ್ಲ. ವೇಳೆಯನ್ನು ಬದಲಿಸುವುದು ಆಗದ ಕೆಲಸ ಎಂಬ ನೆಪವೂ ನಿಲ್ಲುವುದಿಲ್ಲ. ಬೆಂಗಳೂರಿನ ಪಾರ್ಕುಗಳನ್ನು ನಡುಹಗಲಲ್ಲಿ ಮುಚ್ಚಿಡುವ ಪದ್ಧತಿ ಬಹಳ ಕಾಲ ಇತ್ತು. 2024ರ ಜೂನ್‌ನಲ್ಲಿ ಅವನ್ನು ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ತೆರೆದಿಡಲು ಆದೇಶವಾಯಿತು. ಒಂದು ಆದೇಶದಿಂದ ಊರಿನ ಎಲ್ಲ ಪಾರ್ಕುಗಳ ವೇಳೆ ಬದಲಾಯಿತು ಎಂದ ಮೇಲೆ, ವೇಳೆ ಎಂಬುದು ಮೊದಲಿನಿಂದಲೂ ಯಾರೋ ತೆಗೆದುಕೊಳ್ಳುತ್ತಿದ್ದ ತೀರ್ಮಾನವೇ ಆಗಿತ್ತು. ಅದು ಮಕ್ಕಳನ್ನು ಎದುರಿಗಿಟ್ಟುಕೊಂಡು ತೆಗೆದುಕೊಂಡ ತೀರ್ಮಾನವಾಗಿರಲಿಲ್ಲ, ಅಷ್ಟೆ.

ಆ ತೀರ್ಮಾನವನ್ನು ಯಾರು ತೆಗೆದುಕೊಳ್ಳಬೇಕು? ಮಿನಿಯಾಪೊಲಿಸ್‌ನಲ್ಲಿ 1883ರಿಂದಲೂ ಉದ್ಯಾನ ಮಂಡಳಿ ಪ್ರತ್ಯೇಕ. ಜನ ನೇರವಾಗಿ ಆರಿಸುವ ಒಂಬತ್ತು ಸದಸ್ಯರು, ಆಸ್ತಿ ತೆರಿಗೆಯಲ್ಲಿ ತನ್ನದೇ ಪಾಲು, ಮಕ್ಕಳ ಕ್ರೀಡೆಗೆ ತನ್ನದೇ ಸಿಬ್ಬಂದಿ. ಅದನ್ನು ಇಲ್ಲಿಗೆ ಎತ್ತಿ ತಂದು ಇಡಲಾಗದು, ಇಡಬೇಕಾಗಿಯೂ ಇಲ್ಲ. ಇನ್ನೊಂದು ಮಂಡಳಿ ಎಂದರೆ ಇನ್ನೊಂದು ಕಟ್ಟಡ, ಇನ್ನಷ್ಟು ಕಾರು. ಅಲ್ಲಿಂದ ಕಲಿಯಬೇಕಾದದ್ದು ಒಂದೇ: ಮಕ್ಕಳ ಆಟಕ್ಕೆ ಉತ್ತರ ಹೇಳುವವರನ್ನು ಜನ ಗುರುತಿಸಬಲ್ಲರು, ಬದಲಿಸಬಲ್ಲರು. ನಮ್ಮಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ, ಕೇಳುವುದಕ್ಕೆ ಕಾರ್ಪೊರೇಟರೂ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಊರು ಐದು ಪಾಲಿಕೆಗಳಾಗಿ ಒಡೆದು, ಕೆ.ಆರ್. ಪುರದೊಂದಿಗೆ ಹೊರಮಾವು ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿತು. ಇದಕ್ಕೆಂದು ಬಂದ ಹೊಸ ಕಾಯ್ದೆಯಲ್ಲಿ ವಾರ್ಡ್ ಸಮಿತಿಗಳಿವೆ. ಮೈದಾನದ ವೇಳಾಪಟ್ಟಿ ಬರೆಯುವ ಅಧಿಕಾರ ಆ ಸಮಿತಿಯದಾಗಲಿ, ಅದನ್ನು ನಡೆಸುವ ಹೊಣೆ ಪಾಲಿಕೆಯ ಒಬ್ಬ ಹೆಸರಿಸಿದ ಅಧಿಕಾರಿಯದಾಗಲಿ. ಖರ್ಚು ಎಂದರೆ ಪ್ರತಿ ಮೈದಾನಕ್ಕೆ ಸಂಜೆಯ ಒಬ್ಬ ಮೇಲ್ವಿಚಾರಕನ ಸಂಬಳ. ಒಂದು ನಡಿಗೆ ದಾರಿಯ ಕಲ್ಲನ್ನು ಕಿತ್ತು ಮತ್ತೆ ಹಾಸುವ ಒಂದು ಟೆಂಡರು ಉಳಿಸಿದರೆ ಅದು ವರ್ಷಗಟ್ಟಲೆ ಹುಟ್ಟುತ್ತದೆ. ಮಕ್ಕಳಿಗೆ ಮತವಿಲ್ಲ. ಆದರೂ ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಆಡುವ ಹಕ್ಕನ್ನು 31ನೇ ವಿಧಿಯಲ್ಲಿ, ತಮಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕನ್ನು 12ನೇ ವಿಧಿಯಲ್ಲಿ ಹೇಳುತ್ತದೆ. ಹಾಗಾಗಿ ವೇಳಾಪಟ್ಟಿಯ ಕರಡನ್ನು ಒಪ್ಪುವ ಮುಂಚೆ ಹದಿನೈದು ದಿನ ಗೇಟಿಗೆ ಅಂಟಿಸಿ, ವಾರ್ಡಿನ ಸರ್ಕಾರಿ ಪ್ರೌಢಶಾಲೆಯ ಎಂಟು, ಒಂಬತ್ತನೇ ತರಗತಿಗಳಿಗೆ ಕಳಿಸಿ, ಅವರು ಬರೆದುಕೊಟ್ಟ ಬದಲಾವಣೆಗಳನ್ನು ಸಮಿತಿಯ ಸಭೆಯಲ್ಲಿ ಓದಿಸಿ, ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂದು ನಡಾವಳಿಯಲ್ಲಿ ದಾಖಲಿಸಬೇಕು.